ಪಕ್ಕೆಯ ನೀರು ನೋಡುವ ಕೆಲಸ

ಶಿಗ್ಗಾಂವಿಯಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. "ಬಾಟ್ಲಿ ಮಾಸ್ತರ" ಎನ್ನುತ್ತಿದ್ದರು. ಸಂತೆಗೆ ಕಾಯಿಪಲ್ಲೆ ತರಲು ಹೋದರೂ "ಬರ್ರಿ ಬಾಟ್ಲಿ ಮಾಸ್ತರ, ಬದನಿಕಾಯಿ ಎಳೇವು ಅದಾವು" ಎಂದೇ ಸ್ವಾಗತ. ಮೊದಮೊದಲು ಮೈ ಉರಿಯುತ್ತಿತ್ತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಸೂಕ್ಷ್ಮದರ್ಶಕದ ಕೆಲಸ ಕಲಿತು ಬಂದವನು ನಾನು. ಕಂಪೌಂಡರನಲ್ಲ, ಮಾಸ್ತರನಲ್ಲ, ಬಾಟ್ಲಿ ವ್ಯಾಪಾರಿಯಂತೂ ಅಲ್ಲವೇ ಅಲ್ಲ. ಆಮೇಲೆ ನನ್ನ ಹೆಂಡತಿಯೇ ಸಿಟ್ಟು ಬಂದಾಗ ಹಾಗೆ ಕರೆಯತೊಡಗಿದಳು. ಇನ್ನು ಊರವರ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ ಎಂದು ಸುಮ್ಮನಾದೆ.

ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. "ಅಜ್ಜಾರ, ನಿಮ್ಮ ಕಾಲಕ್ಕ ಕರೆಂಟಿಲ್ಲ, ಮಶೀನಿಲ್ಲ, ಹೆಂಗ ಟೆಸ್ಟ್ ಮಾಡ್ತಿದ್ರಿ?" ಎಂದು ಕೇಳುತ್ತಾರೆ. ಬಾಯಲ್ಲಿ ಹೇಳಹೊರಟರೆ ಚಹಾ ಮುಗಿಯುವಷ್ಟರಲ್ಲಿ ಅವರ ಲಕ್ಷ್ಯ ಬೇರೆ ಕಡೆ ಹೋಗಿರುತ್ತದೆ. ಅದಕ್ಕೇ ಬರೆಯಲು ಕುಳಿತಿದ್ದೇನೆ. ರಕ್ತ, ಮೂತ್ರ, ಕಫ ಎಲ್ಲವನ್ನೂ ನೋಡುತ್ತಿದ್ದೆ. ಆದರೆ ನನಗೆ ಪ್ರೀತಿ ಇದ್ದದ್ದು ಪಕ್ಕೆಯ ನೀರಿನ ಮೇಲೆ. ಅದನ್ನೇ ಹೇಳುತ್ತೇನೆ.

ಶ್ವಾಸಕೋಶದ ಸುತ್ತ ಎರಡು ತೆಳು ಪೊರೆಗಳಿವೆ. ಅವುಗಳ ನಡುವೆ ನೀರು ತುಂಬಿಕೊಂಡರೆ ಮನುಷ್ಯನಿಗೆ ಏದುಸಿರು ಬರುತ್ತದೆ, ಮಲಗಲು ಆಗುವುದಿಲ್ಲ. ಡಾಕ್ಟರು ಬೆನ್ನಿನ ಕಡೆಯಿಂದ ಎರಡು ಎಲುಬುಗಳ ಸಂದಿಯಲ್ಲಿ ಸೂಜಿ ಹಾಕಿ ಆ ನೀರನ್ನು ಎಳೆಯುತ್ತಾರೆ. ಎಳೆದೊಡನೆ ಉಸಿರಾಟ ಸಲೀಸಾಗುತ್ತದೆ. ಆದರೆ ಅದು ತುಂಬಿದ್ದು ಯಾಕೆ ಎಂದು ತಿಳಿಯದಿದ್ದರೆ ಮತ್ತೆ ತುಂಬುತ್ತದೆ. ಹೃದಯ ಸೋತರೂ ನೀರು ತುಂಬುತ್ತದೆ, ಮೂತ್ರಪಿಂಡ ಕೆಟ್ಟರೂ ತುಂಬುತ್ತದೆ. ನ್ಯುಮೋನಿಯಾ ಆದವರಿಗೆ ಕೀವಾಗಿ ತುಂಬುತ್ತದೆ. ಕ್ಯಾನ್ಸರಿನಲ್ಲಿ ರಕ್ತ ಬೆರೆತು ಬರುತ್ತದೆ. ಮತ್ತು ಕ್ಷಯದಲ್ಲಿ ತುಂಬುತ್ತದೆ. ಆ ದಿನಗಳಲ್ಲಿ ನಮ್ಮ ಸೀಮೆಯಲ್ಲಿ ಎಲ್ಲರೂ ಹೆದರುತ್ತಿದ್ದದ್ದು ಈ ಕೊನೆಯದಕ್ಕೆ.

ನಮ್ಮದು ಒಬ್ಬ ಸಾಹುಕಾರರು ತಂದೆಯ ನೆನಪಿಗೆ ಕಟ್ಟಿಸಿದ ಧರ್ಮಾರ್ಥ ದವಾಖಾನೆ. ಅದರ ಹಿಂದಿನ ಸಣ್ಣ ಕೋಣೆಯೇ ನನ್ನ ರಾಜ್ಯ. ಪೂರ್ವಕ್ಕೊಂದು ಕಿಟಕಿ, ಕಿಟಕಿಗೆ ಹೊಂದಿಸಿ ಮೇಜು, ಮೇಜಿನ ಮೇಲೆ ಹಿತ್ತಾಳೆಯ ಸೂಕ್ಷ್ಮದರ್ಶಕ. ಅದರ ಕೆಳಗಿನ ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿ ಬೆಳಕು ಹಿಡಿಯಬೇಕು. ಮೋಡ ಮುಸುಕಿದರೆ ನಮ್ಮ ರೋಗನಿದಾನಕ್ಕೂ ರಜೆ. ಮಳೆಗಾಲದಲ್ಲಿ ಹಾನಗಲ್ಲಿನಿಂದ ಬಂದವರು ಪಡಸಾಲೆಯಲ್ಲಿ ಕುಳಿತು ನನ್ನ ಜೊತೆಗೇ ಆಕಾಶ ನೋಡುತ್ತಿದ್ದರು. ಒಂದಿಷ್ಟು ಬಿಸಿಲು ಬಿದ್ದರೆ ಸಾಕು, "ಬಿತ್ತು, ಬಿತ್ರಿ ಮಾಸ್ತರ, ಓಡ್ರಿ" ಎಂದು ನನ್ನನ್ನು ಒಳಗೆ ಅಟ್ಟುತ್ತಿದ್ದರು.

ನನ್ನ ಮೇಲಿನವರು ನಾಡಿಗೇರ ಡಾಕ್ಟರು. ಗಿಡ್ಡಗೆ, ಬೆಳ್ಳಗೆ, ಕರಿ ಟೊಪ್ಪಿಗೆ ಹಾಕುತ್ತಿದ್ದವರು. ಒಂದು ಮಾತು ಕಡಿಮೆಯಾದರೂ ಸರಿ, ಹೆಚ್ಚಾಗಬಾರದು ಎನ್ನುವ ಸ್ವಭಾವ. ಪಕ್ಕೆಯ ನೀರನ್ನು ನೋಡಲು ಅವರು ಕಲಿಸಿದ ರೀತಿಯೇ ಬೇರೆ. ಬಾಟ್ಲಿ ಬಂದ ಕೂಡಲೇ ಸೂಕ್ಷ್ಮದರ್ಶಕದ ಕಡೆ ಓಡಿದರೆ ಕೈ ಹಿಡಿದು ನಿಲ್ಲಿಸುತ್ತಿದ್ದರು. "ಮೊದಲ ಕಣ್ಣಿಂದ ನೋಡೋ. ದೇವರು ಅದನ್ನ ಪುಕ್ಕಟೆ ಕೊಟ್ಟಾನ."

ಹಾಗಾಗಿ ಮೊದಲು ಬಣ್ಣ. ಕಿಟಕಿಯ ಮುಂದೆ ಹಿಡಿದರೆ ಒಣಹುಲ್ಲಿನ ಹಳದಿಯೋ, ತೊಳೆದ ಅಕ್ಕಿನೀರಿನಂತೆಯೋ, ಕೆಂಪೋ, ಕೀವೋ ಎಂದು ತಿಳಿಯುತ್ತಿತ್ತು. ಆಮೇಲೆ ವಾಸನೆ. ಆಮೇಲೆ ಎತ್ತರದ ಗಾಜಿನಲ್ಲಿ ಸುರುವಿ ತೇಲುಬುಡ್ಡಿ ಬಿಟ್ಟು, ನೀರು ಎಷ್ಟು ಗಟ್ಟಿಯಾಗಿದೆ ಎಂದು ನೋಡುವುದು. ಹೃದಯ ಸೋತು ಜಿನುಗಿದ ನೀರು ತೆಳ್ಳಗಿರುತ್ತದೆ, ಬುಡ್ಡಿ ಆಳಕ್ಕಿಳಿಯುತ್ತದೆ. ಪೊರೆಯೇ ಕೆರಳಿ ಬಿಟ್ಟ ನೀರು ಗಟ್ಟಿ, ಬುಡ್ಡಿ ಮೇಲೆ ನಿಲ್ಲುತ್ತದೆ. ಇದಕ್ಕೆ ಇನ್ನೊಂದು ಸಾಕ್ಷಿ ಬೇಕು. ಚೂರೇ ಚೂರು ಆಮ್ಲ ಹಾಕಿದ ನೀರಿಗೆ ಪಕ್ಕೆಯ ನೀರಿನ ಒಂದು ಹನಿ ಬಿಡುವುದು. ತೆಳ್ಳನೆಯದಾದರೆ ಹನಿ ಅಲ್ಲೇ ಕರಗಿ ಹೋಗುತ್ತದೆ. ಕೆರಳಿದ ಪೊರೆಯದಾದರೆ ಊದಿನಕಡ್ಡಿಯ ಹೊಗೆಯನ್ನು ತಲೆಕೆಳಗೆ ಮಾಡಿದಂತೆ ಬಿಳಿ ಎಳೆ ಸುರುಳಿ ಸುರುಳಿಯಾಗಿ ತಳಕ್ಕಿಳಿಯುತ್ತದೆ. ನೋಡಲು ಬಹಳ ಚಂದ. ಅದರ ಅರ್ಥ ಗೊತ್ತಾದ ಮೇಲೆ ಚಂದ ಎನ್ನಲು ನಾಲಗೆ ಬರುತ್ತಿರಲಿಲ್ಲ.

ಇದೆಲ್ಲ ಆದ ಮೇಲೆ ಕೈಯಿಂದ ತಿರುಗಿಸುವ ಯಂತ್ರದಲ್ಲಿ ನೀರನ್ನು ಗರಗರ ತಿರುಗಿಸಿ, ತಳದಲ್ಲಿ ಕೂತ ಗಸಿಯನ್ನು ಗಾಜಿನ ಮೇಲೆ ಹಚ್ಚಿ, ಬಣ್ಣ ಹಾಕಿ ನೋಡುವುದು. ನನ್ನ ಹೆಂಡತಿ ಒಮ್ಮೆ ಬುತ್ತಿ ತಂದವಳು ನಾನು ಯಂತ್ರ ತಿರುಗಿಸುವುದನ್ನು ಕಂಡು, "ಇಷ್ಟ ಛಂದ ಬೀಸಾಕ ಬರ್ತೇತಿ, ಮನ್ಯಾಗ ಜ್ವಾಳದ ಹಿಟ್ಟಿಗೆ ನಾ ಯಾಕ ರಟ್ಟಿ ಮುರಕೊಳ್ಳಾಕತ್ತೇನಿ?" ಎಂದಳು. ಡಾಕ್ಟರು ಜೋರಾಗಿ ನಕ್ಕಿದ್ದನ್ನು ನಾನು ಕಂಡದ್ದು ಆಗ ಒಮ್ಮೆಯೇ.

ಹಾನಗಲ್ಲಿನ ಕಡೆಯ ಗಾಡಿ ಬಡಿಗನೊಬ್ಬನ ಕತೆ ಹೇಳುತ್ತೇನೆ. ಬಲ ಪಕ್ಕೆಯಲ್ಲಿ ನೋವು, ಜ್ವರ, ಕೆಮ್ಮು. ಊರವರು ಕ್ಷಯವೆಂದು ತೀರ್ಮಾನಿಸಿ ಅವನನ್ನು ದನದ ಕೊಟ್ಟಿಗೆಯ ಪಕ್ಕಕ್ಕೆ ಹಾಕಿದ್ದರು. ಅವನ ಪಕ್ಕೆಯಿಂದ ಬಂದದ್ದನ್ನು ನೀರು ಎನ್ನುವಂತಿರಲಿಲ್ಲ. ಕಿವುಚಿದ ಹುಣಸೆಹುಳಿಯ ಬಣ್ಣ, ಅಷ್ಟೇ ದಪ್ಪ. ನಾನು ಕ್ಷಯದ ಹುಳ ಹುಡುಕುತ್ತ ಕಣ್ಣು ಕೆಂಪು ಮಾಡಿಕೊಂಡು ಕೂತಿದ್ದೆ. ಡಾಕ್ಟರು ಬಂದು ಬಾಟ್ಲಿ ಎತ್ತಿ ನೋಡಿದರು, ಇಟ್ಟರು. "ಇದು ಎದೀದಲ್ಲೋ. ಎದಿ ಕೆಳಗ, ಯಕೃತ್ತಿನಾಗ ಹುಣ್ಣಾಗಿ ಮ್ಯಾಲೆ ಒಡದದ. ಆಮಶಂಕಿ ಆಗಿತ್ತೇನ ಕೇಳು." ಕೇಳಿದರೆ, ಹೌದು, ಹಿಂದಿನ ವರ್ಷ ತಿಂಗಳುಗಟ್ಟಲೆ ಆಮಶಂಕೆ. ಆಮಶಂಕೆಗೇ ಕೊಡುವ ಎಮೆಟಿನ್ ಚುಚ್ಚುಮದ್ದು ಕೊಟ್ಟರು. ಕೊಟ್ಟಿಗೆಯ ಪಕ್ಕದಲ್ಲಿ ಸಾಯಲು ಬಿದ್ದಿದ್ದವನು ಸುಗ್ಗಿಯ ಹೊತ್ತಿಗೆ ಗಾಡಿಯ ಗಾಲಿ ಕೂಡಿಸುತ್ತಿದ್ದ.

ನನ್ನ ಪೇಚಾಟಗಳಿಗೂ ಕೊರತೆಯಿರಲಿಲ್ಲ. ಕ್ಷಯದ ನೀರು ಇಟ್ಟಲ್ಲೇ ಹೆಪ್ಪುಗಟ್ಟುತ್ತದೆ. ನಡುವೆ ಜೇಡರ ಬಲೆಯಂಥದೊಂದು ಪದರು ಬೆಳೆದು, ಇದ್ದಬದ್ದ ಜೀವಕೋಶಗಳನ್ನೆಲ್ಲ ಒಳಗೆ ಸಿಕ್ಕಿಸಿಕೊಳ್ಳುತ್ತದೆ. ಮೊದಲ ವರ್ಷ ನಾನು ಆ ಹೆಪ್ಪನ್ನು ಕಸವೆಂದು ತೆಗೆದು ಚೆಲ್ಲಿ, ಉಳಿದ ತಿಳಿಯನ್ನು ನೋಡಿ, "ಜೀವಕೋಶಗಳು ಇಲ್ಲ" ಎಂದು ಬರೆದೆ. ಡಾಕ್ಟರು ಏನೂ ಬೈಯಲಿಲ್ಲ. "ಮೊಸರು ಚೆಲ್ಲಿ ನೀರ ತಂದು ಕೊಟ್ಟಿ, ಭೇಷ್" ಎಂದರು. ಆಮೇಲೆ ಹೆಪ್ಪಾಗದಂತೆ ಬಾಟ್ಲಿಯೊಳಗೆ ಮೊದಲೇ ಸೈಟ್ರೇಟ್ ಪುಡಿ ಹಾಕಿಡುವುದನ್ನು ಕಲಿತೆವು.

ಸವಣೂರಿನ ಬಾಟ್ಲಿಗಳದು ಮತ್ತೊಂದು ಮಜಾ. ಆಗ ಅದು ನವಾಬರ ಸೀಮೆ. ಅಲ್ಲಿಂದ ಬರುವವರು ತಮ್ಮ ಮನೆಯಲ್ಲಿದ್ದ ಚಂದದ ಬಾಟ್ಲಿಯನ್ನೇ ತರುತ್ತಿದ್ದರು, ಬಹಳ ಸಲ ಅತ್ತರಿನದು. ನಾರುವ ಕೀವಿನ ಬಾಟ್ಲಿ ಮೂಸಿದರೂ ಡಾಕ್ಟರ ಮೂಗಿಗೆ ಬರುತ್ತಿದ್ದದ್ದು ಗುಲಾಬಿ. ಅಲ್ಲಿ ಖಾರಾ ಕರಿದು ಮಾರುವ ಹಸನಸಾಬರು ತಮ್ಮ ಅಣ್ಣನ ಬಾಟ್ಲಿ ಕೊಡುತ್ತ, "ದವಾಖಾನಿಗೆ ಒಯ್ಯೋದು, ಹೊಲಸ ಬಾಟ್ಲಿ ಹೆಂಗ ತರೋದ್ರಿ ಸಾಹೇಬ್ರ? ಮರ್ಯಾದಿ ಇರ್ತೇತಲ್ರಿ" ಎಂದರು. ಅವರ ಮಾತಿಗೆ ಎದುರಾಡುವುದು ಹೇಗೆ? ಅಂದಿನಿಂದ ನಾವೇ ಬಾಟ್ಲಿಗಳನ್ನು ಕುದಿಸಿ, ಸೈಟ್ರೇಟ್ ಹಾಕಿ, ಬೂಚು ಬಿಗಿದು ಹಾನಗಲ್ಲು, ಸವಣೂರು, ಹಿರೇಕೆರೂರುಗಳ ದವಾಖಾನೆಗಳಿಗೆ ಕಳಿಸತೊಡಗಿದೆವು. ಅಲ್ಲಿಯ ಡಾಕ್ಟರು ನೀರು ತೆಗೆದು ಬಾಟ್ಲಿ ತುಂಬಿ ಕೊಡುತ್ತಿದ್ದರು, ರೋಗಿಯ ಮನೆಯವರು ಬಸ್ಸಿನಲ್ಲಿ ತಂದು ನನಗೆ ಒಪ್ಪಿಸುತ್ತಿದ್ದರು. ಇನ್ನು ತಪ್ಪಾಗಲು ದಾರಿಯೇ ಇಲ್ಲ ಎಂದು ನಾನು ಬೀಗುತ್ತಿದ್ದೆ.

ಆ ಸೊಕ್ಕು ಇಳಿದದ್ದು ಗಂಗವ್ವ ಬಂದ ದಿನ. ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳ ಬೆನ್ನಿಗೆ ಇದ್ದಿಲ ಒಲೆ ಕಟ್ಟಿದ್ದರು. ಏರು ಬಂದರೆ ಜನ ಇಳಿದು ನೂಕಬೇಕು. ಅಂಥ ಬಸ್ಸಿನಲ್ಲಿ ರಟ್ಟೀಹಳ್ಳಿಯ ಆಚೆಯ ಹಳ್ಳಿಯಿಂದ, ಮಗ ಮಲ್ಲಪ್ಪನನ್ನು ಜೊತೆಗೆ ಕರೆದುಕೊಂಡು ಆಕೆ ಬಂದಿದ್ದಳು. ವಯಸ್ಸಾದ ವಿಧವೆ, ಹಣೆಯ ತುಂಬ ವಿಭೂತಿ, ಮುಖದ ಮೇಲೆ ಇದ್ದಿಲ ಮಸಿ. ಬಾಟ್ಲಿಯನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ತಂದಿದ್ದಳು. ನನ್ನ ಕೈಗೆ ಎರಡೂ ಕೈಯಿಂದ ಕೊಟ್ಟಳು.

"ನನ್ನ ಸೊಸಿದ್ರಿ. ಪಾರವ್ವಂದು. ಸ್ವಲ್ಪ ಸಮಾಧಾನಲೆ ನೋಡ್ರಿ, ಎಪ್ಪಾ."

ವಿಷಯ ಹೇಳಿದ್ದು ಮಲ್ಲಪ್ಪ. ಪಾರವ್ವ ಅವನ ಹೆಂಡತಿ. ಚೊಚ್ಚಲ ಬಾಣಂತನ ಮುಗಿಸಿ ಹಾನಗಲ್ಲಿನ ತವರಿನಿಂದ ಬಂದವಳಿಗೆ ಎಡ ಪಕ್ಕೆಯಲ್ಲಿ ನೀರು ತುಂಬಿದೆ. ಹಿರೇಕೆರೂರಿನ ಡಾಕ್ಟರು ನೀರು ತೆಗೆದು ಇಲ್ಲಿಗೆ ಕಳಿಸಿದ್ದಾರೆ. ಮನೆಯ ಯಜಮಾನ ಇವನ ದೊಡ್ಡಪ್ಪ ಬಸಣ್ಣೆಪ್ಪ. ಕ್ಷಯವೆಂದು ಗೊತ್ತಾದರೆ ಪಾರವ್ವನನ್ನು ತವರಿಗೆ ಕಳಿಸಬೇಕು, ಕೂಸು ಇಲ್ಲೇ ಇರಬೇಕು ಎಂದು ಅವರ ಕಟ್ಟಪ್ಪಣೆ. ಈಗಾಗಲೇ ಕೂಸನ್ನು ತಾಯಿಯ ಹತ್ತಿರ ಬಿಡುತ್ತಿಲ್ಲ, ಆಕಳ ಹಾಲು ಕುಡಿಸಿ ಗಂಗವ್ವನೇ ಸಾಕುತ್ತಿದ್ದಾಳೆ. ಇಷ್ಟನ್ನೂ ಅವನು ನೆಲ ನೋಡುತ್ತಲೇ ಹೇಳಿದ.

ಬಾಟ್ಲಿಯನ್ನು ಕಿಟಕಿಗೆ ಹಿಡಿದೆ. ತೆಳ್ಳಗೆ, ತುಸು ಕೆಂಪು ಛಾಯೆ, ಬೂದಿ ಬೂದಿ. ತೇಲುಬುಡ್ಡಿ ಬಿಟ್ಟರೆ ಆಳಕ್ಕಿಳಿಯಿತು. ಆಮ್ಲದ ನೀರಿಗೆ ಹನಿ ಬಿಟ್ಟೆ. ಕಂಡೂ ಕಾಣದಂತೆ ಒಂದು ಎಳೆ ಹೊಮ್ಮಿ ಮಾಯವಾಯಿತು. ಮನಸ್ಸು ಹಗುರಾಯಿತು. ಇದು ಕ್ಷಯದ ನೀರಲ್ಲ, ಹೃದಯವೋ ಬಾಣಂತಿಯ ನಿಶ್ಶಕ್ತಿಯೋ ಇರಬೇಕು. ಹೊರಗೆ ಕೂತ ಮುದುಕಿಗೆ ಹೋಗಿ ಹೇಳಿಬಿಡಲೇ ಎನಿಸಿತು. ಆದರೂ ಕ್ರಮ ಬಿಡಬಾರದು ಎಂದು, ಗಟ್ಟಿ ಅಂಶ ಎಷ್ಟಿದೆಯೆಂದು ನೋಡಲು ಒಂದಿಷ್ಟನ್ನು ಕೊಳವೆಯಲ್ಲಿ ಹಾಕಿ, ಸ್ಪಿರಿಟ್ ದೀಪದ ಮೇಲೆ ಕಾಸಿ, ಕಟು ಆಮ್ಲ ಹನಿಸಿದೆ. ಚುಸ್ಸೆಂದು ನೊರೆ ಎದ್ದಿತು.

ಪಕ್ಕೆಯ ನೀರು ಹಾಗೆ ನೊರೆ ಎಬ್ಬಿಸುವುದಿಲ್ಲ. ಸುಣ್ಣವೋ ಬೂದಿಯೋ ಇದ್ದರೆ ಮಾತ್ರ ಎಬ್ಬಿಸುತ್ತದೆ. ಗಸಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ರಕ್ತಕಣಗಳು ಒಡೆದು ಬರೀ ನೆರಳಿನಂತೆ ಉಳಿದಿದ್ದವು, ಬಿಳಿಕಣಗಳು ಉಬ್ಬಿ ಚಿಂದಿಯಾಗಿದ್ದವು. ಬರೀ ನೀರು ಬೆರೆತರೆ ಹಾಗಾಗುತ್ತದೆ. ಸುತ್ತ ಬೂದಿಯ ಹರಳುಗಳು. ಅಷ್ಟರಲ್ಲಿ ಡಾಕ್ಟರು ಬಂದರು. ಎಲ್ಲವನ್ನೂ ತೋರಿಸಿದೆ. ಅವರು ಬಾಟ್ಲಿಯನ್ನು ಬಿಟ್ಟು ಹೊರಗೆ ಹೋಗಿ ಗಂಗವ್ವನ ಎದುರು ಕುಳಿತರು.

"ಸೊಸಿ ಕಾಲು ಬಾತಾವೇನವ್ವಾ?"

"ಇಲ್ರಿ."

"ಮುಖಾ?"

"ಇಲ್ರಿ. ಸೊರಗ್ಯಾಳ."

"ಜ್ವರಾ?"

"ಸಂಜಿ ಮುಂದ ಬರ್ತಾವ್ರಿ. ಬೆವರ್ತಾಳ."

ಡಾಕ್ಟರು ನನ್ನ ಕಡೆ ತಿರುಗಿದರು. "ಬಾಟ್ಲಿ ಒಂದು ಹೇಳ್ತದ, ಮೈ ಒಂದು ಹೇಳ್ತದ. ಮೈ ಸುಳ್ಳ ಹೇಳೂದಿಲ್ಲ."

ಆಗ ನಾನು ಗಂಗವ್ವನ ಹಣೆ ನೋಡಿದೆ. ನಾನೂ ಲಿಂಗಾಯತರ ಮನೆಯವನೇ. ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ನಮ್ಮವ್ವ ನನ್ನ ಅಂಗೈಗೆ ಪಾದೋದಕ ಹನಿಸಿದ ಮೇಲೆಯೇ ಬಾಯಿಗೆ ಅನ್ನ. ಜ್ವರ ಬಂದರೆ ಅದೇ ಪಾದೋದಕದಲ್ಲಿ ಒಂದು ಚಿಟಿಕೆ ವಿಭೂತಿ ಕದಡಿ ಕುಡಿಸುತ್ತಿದ್ದಳು. ನನಗೆ ಎಲ್ಲ ತಿಳಿಯಿತು. ಆಕೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಮೆಲ್ಲಗೆ ಕೇಳಿದೆ.

"ಯವ್ವಾ, ಬಾಟ್ಲ್ಯಾಗ ಪಾದೋದಕ ಹಾಕಿಯೇನು?"

ಗಂಗವ್ವ ಮಗನ ಕಡೆ ನೋಡಿದಳು. ಅವನಿಗೂ ಗೊತ್ತಿರಲಿಲ್ಲ, ಬಾಯಿ ತೆರೆದು ನಿಂತಿದ್ದ.

"ಹಾಕೇನ್ರಿ. ಮಠದಯ್ಯನವರ ಪಾದೋದಕ. ಇಭೂತಿನೂ ಹಾಕೇನಿ. ಅಕಿ ಬಾಯಿಗೆ ದಿನಾ ಹಾಕ್ತೇನಿ. ಈ ನೀರೂ ಅಕಿ ಮೈಯಾಂದ ಅಲ್ರಿ? ಪರ ಊರಿಗೆ ಹೊಂಟೈತಿ, ಗುರುತಿಲ್ಲದವರ ಮುಂದ ಅಕಿ ಮ್ಯಾಲೆ ಸಾಕ್ಷಿ ಹೇಳಾಕ. ಒಂದೀಟು ದೇವರ ಸಂಗಾಟ ಇರಲಿ ಅಂತ ಹಾಕಿದ್ನಿ."

ಮೂವರಲ್ಲಿ ಒಬ್ಬರಿಗೂ ನಗು ಬರಲಿಲ್ಲ. ಆಮೇಲೆ ಆಕೆ ಉಳಿದದ್ದನ್ನೂ ಹೇಳಿದಳು. ಆಕೆಗೆ ನೀಲವ್ವ ಎಂಬ ಮಗಳಿದ್ದಳು. ಗಂಡನ ಮನೆಯವರು ಕ್ಷಯವೆಂದು ತವರಿಗೆ ಕಳಿಸಿ, ಕೂಸನ್ನು ತಮ್ಮಲ್ಲೇ ಇಟ್ಟುಕೊಂಡರು. ಇಲ್ಲಿ ಬಂದು ಮಲಗಿದ ನೀಲವ್ವ ಬಾಗಿಲ ಸಪ್ಪಳವಾದರೆ ಕೂಸು ತಂದರೇನೋ ಎಂದು ಎದ್ದು ಕೂಡುತ್ತಿದ್ದಳಂತೆ. ತರಲಿಲ್ಲ. ಹಾಗೇ ತೀರಿಕೊಂಡಳು.

"ಬಾಟ್ಲಿ ಏನೂ ಇಲ್ಲ ಅಂತೇತಲ್ರಿ? ಹಂಗ ಬರದು ಕೊಡ್ರಿ ಸಾಹೇಬ್ರ. ನಿಮ್ಮ ಕಾಲ ಬೀಳ್ತೇನಿ."

ಬರೆದುಕೊಟ್ಟರೆ ಏನು ಹೋಗುತ್ತಿತ್ತು ಎಂದು ನನಗೆ ಅನಿಸಿದ್ದು ಸುಳ್ಳಲ್ಲ. ಡಾಕ್ಟರು ಆಕೆಯನ್ನು ಕಾಲು ಮುಟ್ಟಗೊಡಲಿಲ್ಲ. "ಏನೂ ಇಲ್ಲ ಅಂತ ಬರದರ ನಾಳೆ ಅಕೀನ್ನ ಕಳೇ ತಗೀಲಿಕ್ಕೆ ಹೊಲಕ್ಕ ಕಳಸ್ತಾರವ್ವ. ಅಕಿಗೆ ಬೇಕಾದದ್ದು ಹಾಸಗಿ, ಹಾಲು, ಬಿಸಲು. ಖರೇ ಹೇಳಲಾರದ ಅದನ್ನ ಕೇಳಲಿಕ್ಕೆ ಬರೂದಿಲ್ಲ. ನಾನ ನಿಮ್ಮನಿಗೆ ಬರ್ತೀನಿ, ಯಜಮಾನರ ಮುಂದ ನಾನ ಮಾತಾಡ್ತೀನಿ."

ಪರೀಕ್ಷೆ ಮುಗಿದ ನೀರನ್ನು ಕುದಿಸಿ ಮೋರಿಗೆ ಚೆಲ್ಲುವುದು ನಮ್ಮ ರೂಢಿ. ಅಂದು ಡಾಕ್ಟರು ಬಾಟ್ಲಿ ತಾವೇ ತೆಗೆದುಕೊಂಡು, ಕುದಿಸಿ ಆರಿಸಿ, ಹಿತ್ತಲಿನ ದಾಸವಾಳದ ಬುಡಕ್ಕೆ ಹಾಕಿದರು. ಗಂಗವ್ವ ನೋಡುತ್ತಿದ್ದಳು.

ಮುಂದಿನ ವಾರ ಡಾಕ್ಟರಿಗೆ ಹಿರೇಕೆರೂರಿನ ಕಡೆ ಹೋಗುವುದಿತ್ತು. ನನ್ನನ್ನೂ ಹೊರಡಿಸಿದರು. ಸೂಕ್ಷ್ಮದರ್ಶಕದ ಪೆಟ್ಟಿಗೆಯನ್ನು ಯಾರ ಕೈಗೂ ಕೊಡದೆ ತೊಡೆಯ ಮೇಲೆ ಇಟ್ಟುಕೊಂಡೇ ಬಸ್ಸಿನಲ್ಲಿ ಕೂತೆ. ಏರಿನಲ್ಲಿ ಎಲ್ಲರೂ ಇಳಿದು ನೂಕಿದರು, ನಾನು ಮಾತ್ರ ಪೆಟ್ಟಿಗೆಯ ನೆಪದಲ್ಲಿ ಕೂತೇ ಇದ್ದೆ. ಕಂಡಕ್ಟರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಅಲ್ಲಿಂದ ಮುಂದೆ ಚಕ್ಕಡಿ.

ಬಸಣ್ಣೆಪ್ಪ ರಾಕ್ಷಸನಿರಬೇಕೆಂದು ನಾನು ಎಣಿಸಿಕೊಂಡಿದ್ದೆ. ನೋಡಿದರೆ ಸಣಕಲ ಮುದುಕ. ನಮಗೆ ಕಾಲಿಗೆ ನೀರು ಕೊಟ್ಟು, ಕಂಬಳಿ ಹಾಸಿ, ತಾನು ನೆಲದ ಮೇಲೆ ಕೂತ. ಪಾರವ್ವ ಒಳಗಿನ ಕತ್ತಲ ಕೋಣೆಯಲ್ಲಿದ್ದಳು. ಹದಿನೆಂಟು ಹತ್ತೊಂಬತ್ತರ ಹುಡುಗಿ. ಡಾಕ್ಟರು ಬೆನ್ನಿಗೆ ಸೂಜಿ ಹಾಕಿದಾಗ ಕಣ್ಣು ಮುಚ್ಚಲಿಲ್ಲ. ಹಿತ್ತಲ ಕಡೆ ಕೂಸಿನ ದನಿ ಕೇಳುತ್ತಿತ್ತು, ಅದಕ್ಕೇ ಕಿವಿಗೊಟ್ಟು ಕೂತಿದ್ದಳು.

ಅಂಗಳದ ಬಿಸಿಲಿನಲ್ಲಿ ನನ್ನ ಕೆಲಸ ಹೂಡಿದೆ. ಈ ಸಲ ನೀರು ತನ್ನ ನಿಜ ರೂಪದಲ್ಲಿ ಬಂದಿತ್ತು. ಹುಲ್ಲಿನ ಹಳದಿ. ತೇಲುಬುಡ್ಡಿ ಮೇಲೆಯೇ ನಿಂತಿತು. ಹನಿ ಬಿಟ್ಟರೆ ಬಿಳಿ ಎಳೆ ಸುರುಳಿ ಸುತ್ತಿ ತಳ ಮುಟ್ಟಿತು. ಗಸಿಯ ತುಂಬ ಸಣ್ಣ ದುಂಡು ಬಿಳಿಕಣಗಳು. ಕ್ಷಯದ ಹುಳ ಆ ನೀರಿನಲ್ಲಿ ಕಣ್ಣಿಗೆ ಬೀಳುವುದು ಬಹಳ ಅಪರೂಪ, ಈ ಕಣಗಳನ್ನು ನೋಡಿಯೇ ತಿಳಿಯಬೇಕು. ಡಾಕ್ಟರು ಒಮ್ಮೆ ನೋಡಿ ತಲೆಯಾಡಿಸಿದರು. ಆಮೇಲೆ ಆಕೆಯ ಕಫ ತರಿಸಿ, "ಇದನ್ನ ಛಲೋತ್ನಂಗ ನೋಡು, ಗಡಿಬಿಡಿ ಬ್ಯಾಡ" ಎಂದರು. ಗಾಜುಗಳಿಗೆ ಕೆಂಪು ಬಣ್ಣ ಹಾಕಿ ಕಾಸಿ ತೊಳೆದು, ಮೇಲೆ ನೀಲಿ ಹಚ್ಚಿ ಒಂದಾದ ಮೇಲೊಂದು ನೋಡಿದೆ. ಮಧ್ಯಾಹ್ನ ಕಳೆಯಿತು. ಕ್ಷಯದ ಹುಳವಿದ್ದರೆ ನೀಲಿಯ ನಡುವೆ ಸಣ್ಣ ಕೆಂಪು ಕಡ್ಡಿಯಂತೆ ಕಾಣಬೇಕು. ಎಲ್ಲೂ ಇಲ್ಲ.

ಡಾಕ್ಟರು ಬಸಣ್ಣೆಪ್ಪನಿಗೆ ನೇರವಾಗಿಯೇ ಹೇಳಿದರು. "ಯಜಮಾನ್ರ, ಇದು ಕ್ಷಯದ್ದ ಹೌದು. ಆದರ ಪಕ್ಕಿ ಪರದಿಯೊಳಗ ಅದ. ಕೆಮ್ಮಿದರ ಹೊರಗ ಬೀಳಲಿಕ್ಕತ್ತಿಲ್ಲ. ಬಿಸಲು, ಹಾಲು, ವಿಶ್ರಾಂತಿ ಕೊಟ್ಟರ ಬಹಳ ಮಂದಿಗೆ ಈ ನೀರು ತಾನ ಆರ್ತದ. ಎಲ್ಲಾರಿಗೂ ಅಂತ ನಾ ಮಾತು ಕೊಡೂದಿಲ್ಲ."

ಮುದುಕ ನೆಲವನ್ನೇ ನೋಡುತ್ತ ಕೂತ. "ತವರಿಗೆ ಕಳಸೂದ ಛಲೋ ಅನಸ್ತೇತ್ರಿ. ಕೂಸು ಒಂದ ಐತಿ ಮನ್ಯಾಗ."

ಗಂಗವ್ವ ಬಾಗಿಲ ಮರೆಯಲ್ಲಿ ನಿಂತಿದ್ದಳು. ಬಸಣ್ಣೆಪ್ಪ ಆಕೆಯ ಗಂಡನ ಅಣ್ಣ, ಭಾವ. ನಮ್ಮ ಕಡೆ ಹೆಣ್ಣುಮಕ್ಕಳು ಭಾವನ ಎದುರು ನಿಲ್ಲುವುದಿಲ್ಲ, ಮುಖ ಕೊಟ್ಟು ಮಾತನಾಡುವುದಿಲ್ಲ. ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಆಕೆ ಅವರೊಡನೆ ನೇರ ಮಾತನಾಡಿರಲಿಲ್ಲವಂತೆ. ಅಂದು ಮಾತನಾಡಿದಳು. ತಲೆಯ ಮೇಲೆ ಸೆರಗು ಹೊದ್ದು, ಬಾಗಿಲ ಹೊರಗೆ ಒಂದು ಕಾಲಿಟ್ಟು.

"ನಮ್ಮ ನೀಲವ್ವ ಬಂದಾಗ ನಾವು ಹೊಳ್ಳಿ ಕಳಸಿದ್ವೇನ್ರಿ ಬಾವಾರ? ನೀವ ಚಕ್ಕಡಿಂದ ಎತ್ತಿ ಇಳಸಿದ್ರಿ. ದಿನಾ ಅಕಿ ಹಾಸಗಿ ಬಾಜೂಕ ಕುಂದರ್ತಿದ್ರಿ. ಹೆದರಲಿಲ್ಲ. ಪಾರವ್ವನೂ ಒಬ್ಬರ ಮಗಳರಿ. ಅಕೀನ್ನ ಕಳಸೂದಾದ್ರ ನನ್ನೂ ಚಕ್ಕಡಿ ಹತ್ತಸ್ರಿ."

ಮಲ್ಲಪ್ಪ ಅಳುತ್ತಿದ್ದ. ಬಸಣ್ಣೆಪ್ಪ ಮುಖವೆತ್ತಲಿಲ್ಲ. "ನನ್ನ ಸಲುವಾಗಿ ಹೆದರಿಲ್ಲವ್ವಾ. ಇನ್ನೂ ಹೆದರಂಗಿಲ್ಲ. ಆ ಕೂಸಿಗೆ ಹತ್ತಿದ್ರ? ಇನ್ನೊಂದ ಸಲ ನನಗ ನೋಡಾಕ ಆಗೂದಿಲ್ಲ."

ಅಷ್ಟು ಹೊತ್ತೂ ಅವನ ಮೇಲಿದ್ದ ನನ್ನ ಸಿಟ್ಟು ಇಳಿಯಿತು. ಡಾಕ್ಟರು ನನ್ನ ಕಡೆ ನೋಡಿದರು. ನಾನು ಎದ್ದು ಬಸಣ್ಣೆಪ್ಪನ ಕೈ ಹಿಡಿದು ಸೂಕ್ಷ್ಮದರ್ಶಕದ ಮುಂದೆ ಕೂಡಿಸಿದೆ. ಮೊದಲು ಪೆಟ್ಟಿಗೆಯಲ್ಲಿ ಕಲಿಸಲೆಂದು ಇಟ್ಟಿದ್ದ ಬೇರೆ ರೋಗಿಯ ಹಳೆಯ ಗಾಜು ಇಟ್ಟು ತೋರಿಸಿದೆ. ಅದರ ತುಂಬ ಕೆಂಪು ಕಡ್ಡಿಗಳು. ಮುದುಕ ಒಂದು ಕಣ್ಣು ಮುಚ್ಚಿ ನೋಡಿ, ಬೆಚ್ಚಿ ಹಿಂದೆ ಸರಿದ. "ಇವ ಏನ್ರಿ?"

"ಇವ. ಇವು ಉಗುಳಿನಾಗ ಇದ್ದ ಮಂದಿ ಕೂಸಿನ ಹತ್ರ ಇರಬಾರ್ದು. ಈಗ ನಿಮ್ಮ ಸೊಸಿದು ನೋಡ್ರಿ."

ಪಾರವ್ವನ ಗಾಜುಗಳನ್ನು ಒಂದೊಂದಾಗಿ ಇಟ್ಟೆ. ಕನ್ನಡಿಯನ್ನು ಬಿಸಿಲಿಗೆ ತಿರುಗಿಸುತ್ತ ಕೂತೆ. ಅವಸರ ಮಾಡಲಿಲ್ಲ. ಅಷ್ಟು ಕಾಳಜಿಯಿಂದ ಆ ಕೊಳವೆಯಲ್ಲಿ ಕಣ್ಣಿಟ್ಟವರನ್ನು ನಾನು ಆಮೇಲೂ ಹೆಚ್ಚು ಕಂಡಿಲ್ಲ.

"ಏನೂ ಕಾಣವಲ್ದು" ಎಂದ.

"ಏನೂ ಕಾಣಬಾರದ್ರಿ ಯಜಮಾನ್ರ."

"ಇನ್ನೊಂದು ಇಡ್ರಿ."

ಇಟ್ಟೆ. ಅದರಲ್ಲೂ ಕಾಣಲಿಲ್ಲ. ಡಾಕ್ಟರು ಪಕ್ಕದಲ್ಲಿ ಕೂತು ಹೇಳಿದರು, ತಿಂಗಳಿಗೊಮ್ಮೆ ಕಫ ಕಳಿಸಬೇಕು, ಕೆಂಪು ಕಡ್ಡಿ ಒಂದು ಕಂಡರೂ ನಾವೇ ಬಂದು ಕೂಸನ್ನು ಬೇರೆ ಮಾಡುತ್ತೇವೆ. ಕಾಣದಿರುವ ತನಕ ಹಗಲು ಬಿಸಿಲಿನಲ್ಲಿ ತಾಯಿ ಕೂಸನ್ನು ಎತ್ತಿಕೊಳ್ಳಬಹುದು, ಮಲಗುವುದು ಬೇರೆ, ಹಾಲು ಆಕಳದ್ದೇ. ಬಸಣ್ಣೆಪ್ಪ ಒಂದೊಂದಕ್ಕೂ ಹೂಂಗುಟ್ಟಿದ. ಆಮೇಲೆ ಎದ್ದು ಪಡಸಾಲೆಯ ಮೂಲೆಗೆ ಹೋದ. ಅಲ್ಲಿ ದಿನವಿಡೀ ಬಿಸಿಲು ಬೀಳುವ ಜಾಗದಲ್ಲಿ ಅವನ ಹೊರಸಿತ್ತು. ತನ್ನ ಕಂಬಳಿ, ದಿಂಬು, ಎಲೆಯಡಿಕೆಯ ಚೀಲ ಎಲ್ಲ ಎತ್ತಿ ಕಂಕುಳಲ್ಲಿ ಇಟ್ಟುಕೊಂಡ.

"ಮಲ್ಲ್ಯಾ, ನಿನ್ನ ಹೇಂತೀನ್ನ ಇಲ್ಲಿ ತಂದು ಮಲಗಸು. ಒಳಗ ಕತ್ತಲಿ ಐತಿ."

ಹೀಗೆ ಪಾರವ್ವ ಹೊರಗೆ ಬಂದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಹೊರಸಿನ ಮೇಲೆ ಕೂತಳು. ಹಿತ್ತಲಿಗೆ ಹೋಗಿ ಕೂಸನ್ನು ಎತ್ತಿ ತಂದವನು ಬಸಣ್ಣೆಪ್ಪನೇ. ತಾನೇ ತಾಯಿಯ ತೊಡೆಯ ಮೇಲೆ ಇಟ್ಟ.

ಕೂಸು ತಾಯಿಯ ಮುಖ ನೋಡಿತು. ಗುರ್ತು ಹತ್ತಲಿಲ್ಲ. ವಾರಗಟ್ಟಲೆ ಅಜ್ಜಿಯ ಕೈಯಲ್ಲೇ ಬೆಳೆದ ಕೂಸು, ತುಟಿ ಮಡಚಿ, ಬಾಗಿಲಲ್ಲಿ ನಿಂತ ಗಂಗವ್ವನ ಕಡೆ ಎರಡೂ ಕೈ ಚಾಚಿ ಕಿರುಚಿ ಅಳತೊಡಗಿತು. ಪಾರವ್ವ ಹೆದರಿ ಅತ್ತೆಯ ಕಡೆ ನೋಡಿದಳು, ಕೊಟ್ಟುಬಿಡುವವಳಂತೆ. ಗಂಗವ್ವನ ಕೈಗಳು ತಾವಾಗಿಯೇ ಮುಂದೆ ಬಂದವು. ಬಂದವು, ನಿಂತವು. ಆಕೆ ಸರಕ್ಕನೆ ಹಿಂದೆ ಸರಿದು ಬಾಗಿಲ ಮರೆಗೆ ಹೋದಳು.

ನಾನು ಗಾಜು ತೊಳೆಯಲು ನೀರು ಕೇಳಬೇಕೆಂದು ಒಳಗೆ ಹೋದೆ. ಆಕೆ ಗೋಡೆಗೆ ಒತ್ತಿ ನಿಂತು, ಕೂಸಿಗೆ ಕಾಣದಂತೆ ಮೈ ಹಿಡಿಮಾಡಿಕೊಂಡು, ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ನನ್ನ ಕಡೆ ಕೈಯಾಡಿಸಿ ಸುಮ್ಮನಿರು ಎಂದಳು. ಹೊರಗೆ ಕೂಸು ಅಳುತ್ತಲೇ ಇತ್ತು. ಇಬ್ಬರೂ ಆಲಿಸುತ್ತ ನಿಂತೆವು. ಮೆಲ್ಲಗೆ ಅಳು ಬಿಕ್ಕಾಯಿತು, ಬಿಕ್ಕು ತಡೆತಡೆದು ಬಂತು. ಪಾರವ್ವ ಏನೋ ಗುನುಗುತ್ತಿದ್ದಳು. ಆಮೇಲೆ ಕೂಸಿನ ದನಿ ಕೇಳಲಿಲ್ಲ.

"ಹೊಂದಿಕೊಂತು" ಎಂದಳು ಗಂಗವ್ವ, ಸೆರಗಿನೊಳಗಿಂದಲೇ. ಆದರೂ ಬಾಗಿಲ ಮರೆ ಬಿಟ್ಟು ಹೊರಗೆ ಬರಲಿಲ್ಲ.